ಎಲ್ ಆಕಾರದ ಕಟ್ಟೆಯೋ, ಎದುರುಬದುರು ಕಟ್ಟೆಯೋ?

8×10 ಅಡಿಯ ಅಡುಗೆಮನೆ ಎಂದಿಟ್ಟುಕೊಳ್ಳಿ. ಎರಡು ಉದ್ದ ಗೋಡೆಗೂ 2 ಅಡಿ ಅಗಲದ ಕಟ್ಟೆ ಹಾಕಿದರೆ ನಡುವೆ 4 ಅಡಿ ಉಳಿಯುತ್ತದೆ. ಇಬ್ಬರು ಆರಾಮಾಗಿ ಓಡಾಡಬಹುದು. ಕೋಣೆಯ ಅಗಲ 7 ಅಡಿಯೇ ಆದರೆ ಉಳಿಯುವುದು 3. ಒಬ್ಬರು ಡ್ರಾಯರ್ ಎಳೆದರೆ ಇನ್ನೊಬ್ಬರಿಗೆ ದಾರಿಯಿಲ್ಲ. ಆಗ ಎಲ್ ಆಕಾರವೇ ಸರಿ.

ಎಲ್‌ನ ತಲೆನೋವು ಮೂಲೆ. ಅಲ್ಲಿನ 2×2 ಅಡಿ ಜಾಗ ಕೈಗೆ ಎಟುಕದು, ತಿರುಗುವ ತಟ್ಟೆ ಹಾಕಿಸಿದರೆ ಖರ್ಚು ಏರುತ್ತದೆ. ಗ್ಯಾಸ್ ಸಿಲಿಂಡರನ್ನಂತೂ ಆ ಮೂಲೆಗೆ ತಳ್ಳಬೇಡಿ. ಗ್ರಾನೈಟ್ ಜೋಡಣೆ ಬರುವುದೂ ಅಲ್ಲೇ: ಬರೀ ಬಿಳಿ ಸಿಮೆಂಟ್ ತುಂಬಿದರೆ ಬಿರುಕು ಬಿಟ್ಟು, ನೀರಿಳಿದು, ಕೆಳಗಿನ ಪ್ಲೈವುಡ್ ಉಬ್ಬುತ್ತದೆ. ನೀರಿಳಿಯದ ಅಂಟಾದ ಎಪಾಕ್ಸಿಯೇ ಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿ.

ಎದುರುಬದುರು ಕಟ್ಟೆಗೆ ಮೂಲೆಯ ಕಾಟವಿಲ್ಲ, ಯುಟಿಲಿಟಿಗೆ ಹೋಗುವ ಬಾಗಿಲಿದ್ದರೂ ಹೊಂದುತ್ತದೆ. ಆದರೆ ಒಲೆ ಒಂದು ಕಡೆ, ಸಿಂಕ್ ಇನ್ನೊಂದು ಕಡೆ ಆದರೆ ತೊಳೆದ ಸೊಪ್ಪಿನ ನೀರೆಲ್ಲ ನೆಲಕ್ಕೆ.

ದುಡ್ಡು ಉಳಿಸಬೇಕೆಂದರೆ ಎರಡರಲ್ಲೂ ಸಿಂಕ್ ಇದ್ದಲ್ಲೇ ಇರಲಿ. ಸಿಂಕಿನ ನೀರು ಹೊರಹೋಗುವ ಪೈಪನ್ನು 10 ಅಡಿ ಸರಿಸಿದರೆ, ಪ್ರತಿ ಅಡಿಗೆ ಕಾಲು ಇಂಚಿನಂತೆ ಎರಡೂವರೆ ಇಂಚು ಇಳಿಜಾರು ಬೇಕು. ಅದಕ್ಕೆ ನೆಲ ಒಡೆಯಬೇಕಾಗಿ ಬರಬಹುದು.