ಮಲ್ಪೆಯಿಂದ ಮಲ್ಪಾಸ್‌ಗೆ: ಒಂದು ಕಾಲುವೆ, ಎರಡು ಸೈಕಲ್, ಒಂದು ದೂರು

ಮೊದಲು ಮಾರ್ಕು ಹೇಳಿಬಿಡುತ್ತೇನೆ. ಕಾಲುವೆಗೆ ಐದಕ್ಕೆ ಐದು, ಟೂರ್ ಕಂಪನಿಗೆ ಮೂರು. ಕಂಪನಿಯ ಹೆಸರು ಬರೆಯುವುದಿಲ್ಲ. ಬಂದ ಮೇಲೆ ದೂರು ಕೊಟ್ಟೆ, ಅವರು ಒಂದಿಷ್ಟು ದುಡ್ಡು ವಾಪಸ್ ಹಾಕಿದರು, ಅಲ್ಲಿಗೆ ಖಾತೆ ಕ್ಲೋಸ್.

ನಾನು ಉಡುಪಿಯವ. ಬ್ಯಾಂಕಿನಲ್ಲಿ 34 ವರ್ಷ, ಅದರಲ್ಲಿ ಹೆಚ್ಚಿನ ಕಾಲ ಸಾಲದ ಸೆಕ್ಷನ್ನಿನಲ್ಲೇ ಕಳೆದು ನಿವೃತ್ತನಾದೆ. ಈಗ ಬೆಳಿಗ್ಗೆ ಆರಕ್ಕೆ ಮಲ್ಪೆಯಿಂದ ಕಾಪು ಲೈಟ್‌ಹೌಸ್‌ವರೆಗೆ ಕಡಲ ಬದಿಯ ರಸ್ತೆಯಲ್ಲಿ ಸೈಕಲ್ ಬಿಟ್ಟುಕೊಂಡು ಹೋಗಿ ಬರುತ್ತೇನೆ. ಇವಳಿಗೂ ಸೈಕಲ್ ಬರುತ್ತದೆ, ನನ್ನ ಹುಚ್ಚಿಲ್ಲ ಅಷ್ಟೇ. ಮಗಳು ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸಕ್ಕಿದ್ದಾಳೆ, ಹೇಗೂ ಹೋಗುವವರಿದ್ದೆವು. "ಅಪ್ಪಾ, ನಮ್ಮ ಮನೆ ಹತ್ತಿರವೇ ಒಂದು ಕಾಲುವೆ ಉಂಟು. ಅದರ ದಂಡೆ ಹಿಡಿದು ಹೋದರೆ ಸೀದಾ ಸಮುದ್ರ" ಅಂತ ಅವಳೇ ತಲೆಗೆ ಹುಳ ಬಿಟ್ಟದ್ದು.

ಕಾಲುವೆಯ ಹೆಸರು ಕನಾಲ್ ದ್ಯು ಮಿದಿ. ತುಲೂಸ್‌ನಿಂದ ಮೆಡಿಟರೇನಿಯನ್ ಬದಿಯ ತೋ ಎಂಬ ಉಪ್ಪುನೀರಿನ ಸರೋವರದವರೆಗೆ 240 ಕಿಲೋಮೀಟರ್. ಹಿಂದೆ ಕುದುರೆಗಳು ದೋಣಿಗೆ ಹಗ್ಗ ಕಟ್ಟಿಕೊಂಡು ಎಳೆಯುತ್ತಾ ನಡೆದ ದಂಡೆಯೇ ಈಗ ಸೈಕಲ್ ದಾರಿ. ಕಂಪನಿಯವರು ಸೈಕಲ್, ಮ್ಯಾಪು, ಏಳು ರಾತ್ರಿಗೆ ರೂಮು ಮತ್ತು ಬೆಳಗ್ಗಿನ ತಿಂಡಿ ಕೊಡುತ್ತಾರೆ. ಬೆಳಿಗ್ಗೆ ಸೂಟ್‌ಕೇಸ್ ರಿಸೆಪ್ಷನ್ನಿನಲ್ಲಿ ಬಿಟ್ಟು ಹೊರಟರೆ ಸಂಜೆ ಮುಂದಿನ ಊರಿನ ಹೋಟೆಲಿನಲ್ಲಿ ಅದು ನಮಗಿಂತ ಮೊದಲು ಕೂತಿರುತ್ತದೆ. ಗೈಡ್ ಇಲ್ಲ, ಗುಂಪಿಲ್ಲ, ಸೀಟಿ ಊದುವವರಿಲ್ಲ. ಒಬ್ಬರಿಗೆ ಸುಮಾರು ಸಾವಿರ ಯೂರೋ ಆಯಿತು. ಇವಳಿಗೆ ಬ್ಯಾಟರಿ ಸೈಕಲ್ ತೆಗೆದುಕೊಂಡದ್ದಕ್ಕೆ ಮೇಲೆ ಮತ್ತಷ್ಟು. ಆ ಮತ್ತಷ್ಟನ್ನು ಮಾತ್ರ ಕಣ್ಣು ಮುಚ್ಚಿ ಕೊಡಿ. ಎದುರು ಗಾಳಿಯಲ್ಲಿ ನಾನು ಏದುಸಿರು ಬಿಡುವಾಗ ಇವಳು ಮುಂದೆ ಹೋಗಿ ಬೆಂಚಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ತುಲೂಸ್‌ನಿಂದ ಮೊದಲ ಐವತ್ತು ಕಿಲೋಮೀಟರ್ ಡಾಂಬರು. ಮಣಿಪಾಲದ ಹುಡುಗರಾದರೆ ಎರಡು ಗಂಟೆಯಲ್ಲಿ ಮುಗಿಸಿಯಾರು. ನಮಗೆ ಇಡೀ ದಿನ ಬೇಕಾಯಿತು, ಏಕೆಂದರೆ ನಾನು ಪ್ರತಿ ಲಾಕಿನಲ್ಲೂ ಇಳಿಯುತ್ತಿದ್ದೆ. ಲಾಕ್ ಅಂದರೆ ದೋಣಿಗಳಿಗೆ ನೀರಿನ ಮೆಟ್ಟಿಲು. ನಮ್ಮ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಬಾಗಿಲು ಮಾಡಿ, ಅಂಥ ಎರಡು ಬಾಗಿಲಿನ ನಡುವೆ ದೋಣಿಯನ್ನು ಕೂಡಿ ಹಾಕಿದರೆ ಹೇಗೋ ಹಾಗೆ. ಮೇಲಿನ ಬಾಗಿಲಿನ ಸಣ್ಣ ಕಿಂಡಿ ತೆರೆದಾಗ ನೀರು ನೊರೆ ಕಾರುತ್ತಾ ನುಗ್ಗುತ್ತದೆ, ದೋಣಿ ಹಗ್ಗ ಜಗ್ಗುತ್ತಾ ಮೇಲೆ ಬರುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಆಗ ಕೆಳಗೆ ಹಸಿರು ಪಾಚಿಯ ಗೋಡೆಗೆ ಕೈಕೊಟ್ಟು ನಿಂತಿದ್ದ ಹೆಂಗಸು ನನ್ನ ಮೊಣಕಾಲಿನ ಮಟ್ಟಕ್ಕೆ ಬಂದು "ಬೋಂಜೂರ್" ಎನ್ನುತ್ತಾಳೆ. ಈ ಕೋಣೆಗಳು ಚೌಕವಲ್ಲ, ಮೊಟ್ಟೆಯಾಕಾರ. ಶುರುವಿನಲ್ಲಿ ನೇರ ಗೋಡೆ ಕಟ್ಟಿ ಅದು ಕುಸಿದ ಮೇಲೆ, ಮಣ್ಣಿನ ಒತ್ತಡ ತಡೆಯಲಿ ಅಂತ ಗೋಡೆಯನ್ನು ಕಮಾನಿನ ಹಾಗೆ ಬಾಗಿಸಿದ್ದಂತೆ. ಇಂಥವು ದಾರಿಯುದ್ದಕ್ಕೂ ಅರವತ್ತಕ್ಕೆ ಮಿಕ್ಕಿ ಇವೆ. "ಎಲ್ಲದಕ್ಕೂ ಇಳಿದರೆ ನಾವು ದೀಪಾವಳಿಗೆ ಮುಟ್ಟುವುದು" ಅಂದಳು ಇವಳು.

ನನ್ನ ತಲೆಯಲ್ಲಿ ಕೂತದ್ದು ಮಾತ್ರ ಕಟ್ಟಿದವನ ಸಾಲ. ಪಿಯರ್ ಪೋಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ಕರ ವಸೂಲಿ ಮಾಡುವ ಗುತ್ತಿಗೆದಾರ. 1662ರಲ್ಲಿ ರಾಜನ ಮಂತ್ರಿ ಕೋಲ್ಬೆರ್‌ಗೆ ಪತ್ರ ಬರೆದ, 1666ರಲ್ಲಿ ಹದಿನಾಲ್ಕನೇ ಲೂಯಿಯ ಅಪ್ಪಣೆ ಸಿಕ್ಕಿತು. ಸರಕಾರ ಕೊಟ್ಟದ್ದು ಸಾಲದೆ ಸ್ವಂತ ಗಂಟನ್ನೂ ಸುರಿದ. ಕಾಲುವೆಯಲ್ಲಿ ದೋಣಿ ಓಡಿದ್ದು 1681ರ ಮೇ ತಿಂಗಳಲ್ಲಿ, ಇವನು ತೀರಿಹೋದದ್ದು 1680ರ ಅಕ್ಟೋಬರಿನಲ್ಲಿ, ತಲೆಯ ಮೇಲೆ ಸಾಲ ಇಟ್ಟುಕೊಂಡೇ. ಈ ಪ್ರಪೋಸಲ್ ನನ್ನ ಟೇಬಲ್ಲಿಗೆ ಬಂದಿದ್ದರೆ ನಾನು ಖಂಡಿತ ರಿಜೆಕ್ಟ್ ಮಾಡುತ್ತಿದ್ದೆ. ವಸೂಲಿಯ ಅನುಭವ ಉಂಟು, ಕಾಲುವೆ ತೋಡಿದ ಅನುಭವ ಇಲ್ಲ, ಎತ್ತರದ ಜಾಗಕ್ಕೆ ನೀರು ಎಲ್ಲಿಂದ ಎಂಬ ಕಾಲಂ ಖಾಲಿ!

ಆ ಕಾಲಂ ಅವನು ತುಂಬಿದ್ದು ಹೇಗೆ ಅಂತ ನೋರೂಜ್‌ನಲ್ಲಿ ನೋಡಬೇಕು. 189 ಮೀಟರ್ ಎತ್ತರದ ಆ ದಿಬ್ಬದಿಂದ ನೀರು ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ ಹೋಗುತ್ತದೆ. ಆಗುಂಬೆಯ ನೆತ್ತಿಯ ಮಳೆ ಇತ್ತ ಸೀತಾನದಿಯಾಗಿ ನಮ್ಮ ಕಡಲಿಗೆ, ಅತ್ತ ತುಂಗೆಗೆ ಸೇರಿ ಮೂಡಣ ಕಡಲಿಗೆ ಹೋಗುವುದಿಲ್ಲವೇ, ಅದೇ ಲೆಕ್ಕ. ಆದರೆ ಆಗುಂಬೆಯ ಮಳೆ ಅಲ್ಲಿಲ್ಲ. ರಿಕೆ ದೂರದ ಕಪ್ಪು ಬೆಟ್ಟಗಳ ತೊರೆಗಳಿಗೆ ಅಡ್ಡಗಟ್ಟಿ, ಸಾಂ ಫೆರಿಯೋಲ್‌ನಲ್ಲಿ ದೊಡ್ಡ ಕೆರೆ ಮಾಡಿ, ಸಣ್ಣ ತೋಡಿನಲ್ಲಿ ಆ ನೀರನ್ನು ಇಲ್ಲಿಗೆ ತಂದು ಎರಡೂ ಕಡೆಗೆ ಹಂಚಿದ. ಜಾಗದಲ್ಲಿ ನೋಡಲು ಅಂಥದ್ದೇನೂ ಇಲ್ಲ, ಮರ, ನೆರಳು, ಸದ್ದಿಲ್ಲದ ನೀರು. ನಾವು ಒಂದು ಗಂಟೆ ಕೂತೆವು. ಕಂಪನಿಯ ಮ್ಯಾಪಿನಲ್ಲಿ ಇದಕ್ಕೆ ಒಂದು ಚುಕ್ಕಿಯೂ ಇಲ್ಲ, ನೂರು ಮೀಟರ್ ಆಚೆಯ ಪಾರ್ಕಿಂಗ್‌ಗೆ ಉಂಟು.

ಕಾಸ್ಟೆಲ್‌ನೋದರಿಯಲ್ಲಿ ಬಿಳಿ ಬೀನ್ಸನ್ನು ಬಾತುಕೋಳಿ, ಹಂದಿ ಸಾಸೇಜಿನ ಜೊತೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸುತ್ತಾರೆ, ಕಸುಲೆ ಅಂತ. ಇವಳು ಮಾಂಸ ಬಿಟ್ಟು ಬರೀ ಬೀನ್ಸ್ ಕೊಡಿ ಅಂದಳು. ಮೀನು ಹಾಕದ ಮೀನುಸಾರು ಕೇಳಿದಂತೆ ನೋಡಿದ ಆ ಹುಡುಗ. ಕೊನೆಗೆ ಸಲಾಡ್ ಬಂತು. ಸಸ್ಯಾಹಾರಿಗಳು ಬುಕಿಂಗ್‌ನಲ್ಲಿ ಬರೆದರೂ ಪ್ರಯೋಜನವಿಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಸಂಜೆ ಏಳೂವರೆಗೆ ಮೊದಲು ಅಡುಗೆಮನೆಯೂ ತೆರೆಯುವುದಿಲ್ಲ.

ಈಗ ದೂರು. ಡಾಂಬರು ಮುಗಿದ ಮೇಲೆ ದಾರಿ ಮಣ್ಣು, ಜಲ್ಲಿ, ಮರದ ಬೇರು. ಕೆಲವು ಕಡೆ ಒಂದು ಸೈಕಲ್ ಹೋಗುವಷ್ಟೇ ಅಗಲ, ಪಕ್ಕದಲ್ಲಿ ನೀರು. ಇದಕ್ಕೆ ಅವರು ಕೊಟ್ಟದ್ದು ಪೇಟೆಯಲ್ಲಿ ಬಿಡುವ ಸಪೂರ ಟಯರು. ಕಾರ್ಕಸೋನ್ ದಾಟಿದ ಮೇಲೆ ಮಾರ್ಸೆಯೆಟ್ ಹತ್ತಿರ ನನ್ನ ಹಿಂದಿನ ಚಕ್ರ ಕೂತೇಬಿಟ್ಟಿತು. ಕಿಟ್ ತೆರೆದರೆ ಟ್ಯೂಬ್ ಉಂಟು, ಪಂಪೂ ಉಂಟು. ಆದರೆ ಟ್ಯೂಬಿನ ವಾಲ್ವ್ ಸಪೂರ ಮೂತಿಯದು, ಪಂಪಿನ ಬಾಯಿ ಕಾರಿನ ವಾಲ್ವಿನದು. ಊರಿಂದ ತಂದ ನನ್ನ ಕೈಪಂಪು ನಮ್ಮ ಹಳೆ ಸೈಕಲ್ಲಿನದು. ಎರಡು ಪಂಪಿದ್ದೂ ಗಾಳಿಯಿಲ್ಲ. ಕಂಪನಿಗೆ ಫೋನ್ ಮಾಡಿದರೆ ಫ್ರೆಂಚಿನಲ್ಲಿ ರೆಕಾರ್ಡಿಂಗ್. ಮುಕ್ಕಾಲು ಗಂಟೆಯ ಮೇಲೆ ಬಂದ ಡಚ್ ಗಂಡ ಹೆಂಡತಿ ಹಿತ್ತಾಳೆಯ ಸಣ್ಣ ಅಡಾಪ್ಟರ್ ಕೊಟ್ಟರು, ಗೇರುಬೀಜದಷ್ಟೂ ಇಲ್ಲ ಅದು. ವಾಪಸ್ ಕೊಡಲು ಹೋದರೆ ಬೇಡ, ಇಟ್ಟುಕೊಳ್ಳಿ ಅಂದರು. ಈಗ ನನ್ನ ಕೀ ಬಂಚಿನಲ್ಲಿದೆ.

ಆ ಮುಕ್ಕಾಲು ಗಂಟೆ ನಾವು ಕಾದದ್ದು ಬಿಸಿಲಲ್ಲಿ, ಏಕೆಂದರೆ ಅಲ್ಲಿ ಮರಗಳಿಲ್ಲ, ಬುಡಗಳಿವೆ. ಈ ಕಾಲುವೆಯ ಚಂದವೇ ಎರಡು ಬದಿಯಿಂದ ಬಾಗಿ ಚಪ್ಪರ ಹಾಕಿದ, ಪ್ಲೇನ್ ಎಂಬ ಜಾತಿಯ ನೆರಳಿನ ಮರಗಳು. 42,000 ಇದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಂಡಿತು, ನೀರಿನಿಂದ, ಬೇರಿನಿಂದ ಬೇರಿಗೆ ಹರಡುತ್ತದೆ, ಔಷಧಿ ಇಲ್ಲ. ಕಡಿದು ಸುಡುತ್ತಾರೆ, ಬೇರೆ ಜಾತಿಯ ಗಿಡ ನೆಡುತ್ತಾರೆ. ಇವಳ ತವರು ಸುಳ್ಯದ ಬದಿ. ಹಳದಿ ಎಲೆ ರೋಗಕ್ಕೆ ಅಪ್ಪನ ಅಡಿಕೆ ತೋಟ ಸಾಲು ಸಾಲೇ ಹೋದದ್ದನ್ನು ಕಂಡವಳು. ಒಂದು ಬುಡದ ಮೇಲೆ ಕೂತು ಅದರ ಉಂಗುರಗಳನ್ನು ಬೆರಳಲ್ಲಿ ಎಣಿಸುತ್ತಾ, "ಇವರಾದರೂ ಕೂಡಲೇ ಬೇರೆ ನೆಟ್ಟಿದ್ದಾರೆ" ಅಂದಳು. ನಾನು ಪಂಪಿನ ಜಗಳ ನಿಲ್ಲಿಸಿದೆ.

ಅದೇ ರಾತ್ರಿ ಸೂಟ್‌ಕೇಸ್ ಬರಲಿಲ್ಲ. ಬೇರೆ ಊರಿನ ಹೋಟೆಲಿಗೆ ಹೋಗಿತ್ತು. ಒಳಗೆ ನನ್ನ ಬಿಪಿ ಮಾತ್ರೆ. ಮಗಳು ತುಲೂಸ್‌ನಿಂದ ಫ್ರೆಂಚಿನಲ್ಲಿ ಜೋರು ಮಾಡಿದ ಮೇಲೆ ಒಂಬತ್ತೂವರೆಗೆ ತಂದುಕೊಟ್ಟರು. ಅಲ್ಲಿ ಮಗಳು ಇಲ್ಲದವರು ಏನು ಮಾಡಬೇಕು? ಎರಡು ಮಾರ್ಕು ಕಳೆದದ್ದು ಇದಕ್ಕೇ. ಮಾತ್ರೆ ಹ್ಯಾಂಡಲ್ ಬ್ಯಾಗಿನಲ್ಲಿರಲಿ.

ನಂತರದ್ದೆಲ್ಲ ಸಿಹಿ. ಲೆ ಸೊಮೈಯ ಗೂನು ಸೇತುವೆ, ದ್ರಾಕ್ಷಿ ಕೊಯ್ಲಿನ ಟ್ರ್ಯಾಕ್ಟರುಗಳು, 54 ಕಿಲೋಮೀಟರ್ ಒಂದೂ ಲಾಕಿಲ್ಲದ ಸಮತಟ್ಟು ನೀರು. ಆಮೇಲೆ ಮಲ್ಪಾಸ್! ಹೆಸರು ಕೇಳಿದಾಗಿನಿಂದ ನಾನು ಕಾದದ್ದೇ ಅದಕ್ಕೆ. 1679ರಲ್ಲಿ ಪುಡಿಪುಡಿಯಾಗುವ ಮಣ್ಣುಕಲ್ಲಿನ ಗುಡ್ಡ ಕೊರೆದು ದೋಣಿ ದಾಟಿಸಿದ ಸುರಂಗ, ಉದ್ದ ಸುಮಾರು 165 ಮೀಟರ್. ಅದರ ಅಡಿಯಲ್ಲೇ ಒಂದು ರೈಲು ಸುರಂಗ ಉಂಟು, ಜೊತೆಗೆ ಹದಿಮೂರನೇ ಶತಮಾನದಲ್ಲಿ ಮೊಂತಾದಿ ಎಂಬ ಜೌಗು ಕೆರೆಯ ನೀರು ಬಸಿಯಲು ತೋಡಿದ ಹಳೇ ಸುರಂಗವೂ. ಪಕ್ಕದ ಎನ್ಸೆರ್ಯೂನ್ ಗುಡ್ಡ ಹತ್ತಿದರೆ ಆ ಬತ್ತಿದ ಕೆರೆಯ ಹೊಲಗಳು ನೀರುದೋಸೆಯನ್ನು ತ್ರಿಕೋನ ತುಂಡು ಮಾಡಿ ಹರವಿದ ಹಾಗೆ ಕಾಣುತ್ತವೆ. "ಮಲ್ಪೆಯಲ್ಲಿ ಮೀನಿನ ವಾಸನೆಯಾದರೂ ಉಂಟು" ಅಂದಳು ಇವಳು, ಹತ್ತಿ ಸುಸ್ತಾಗಿ.

ಬೆಜಿಯೆ ಊರಿನ ಫೋನ್ಸೆರಾನ್‌ನಲ್ಲಿ ಎಂಟು ಲಾಕ್ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು 21.5 ಮೀಟರ್ ಕೆಳಗಿಳಿಯುತ್ತವೆ. ರಥಬೀದಿಯಂಥ ಜನ, ಐಸ್‌ಕ್ರೀಂ, ಸೆಲ್ಫಿ. ಬೆಳಿಗ್ಗೆ ಬೇಗ ಹೋಗಿ. ಅಲ್ಲಿಂದ ಸ್ವಲ್ಪ ಮುಂದೆ, 1858ರಲ್ಲಿ ಕಟ್ಟಿದ ಸೇತುವೆಯ ಮೇಲೆ ಕಾಲುವೆಯೇ ಓರ್ಬ್ ನದಿಯನ್ನು ದಾಟುತ್ತದೆ, ದೋಣಿ ಸಮೇತ. ನನಗೆ ಫೋನ್ಸೆರಾನ್‌ಗಿಂತ ಇದೇ ಹಿಡಿಸಿತು, ಒಬ್ಬರೂ ಇರಲಿಲ್ಲ.

ಹೋಗುವವರಿಗೆ: ಸೆಪ್ಟೆಂಬರ್ ಒಳ್ಳೆಯದು. ತುಲೂಸ್‌ನಿಂದ ಸಮುದ್ರದ ಕಡೆಗೇ ಹೋಗಿ, ಪಡುವಣ ಗಾಳಿ ಬೀಸಿದ ದಿನ ಅದೇ ದೂಡುತ್ತದೆ. ಕಂಪನಿ ದಿನಕ್ಕೆ ನಲವತ್ತು ಕಿಲೋಮೀಟರ್ ಹಾಕಿದರೆ ಮೂವತ್ತಕ್ಕೆ ಇಳಿಸಿ ಎರಡು ದಿನ ಹೆಚ್ಚು ಕೇಳಿ. ಅಗಲ ಟಯರ್ ಬರವಣಿಗೆಯಲ್ಲಿ ಕೇಳಿ. ಕೊನೆಗೆ ಮಾರ್ಸೆಯಾಂ ಬಳಿ ಒಂದು ಸಣ್ಣ ಲೈಟ್‌ಹೌಸ್ ಹತ್ತಿರ ಕಾಲುವೆ ಸದ್ದಿಲ್ಲದೆ ತೋ ನೀರಿಗೆ ಸೇರುತ್ತದೆ. ಅಲ್ಲಿ ನಮ್ಮ ಪಚ್ಚಿಲೆಯ ಜಾತಿಯನ್ನು ಹಗ್ಗಕ್ಕೆ ಇಳಿಬಿಟ್ಟು ಬೆಳೆಸುತ್ತಾರೆ. ಒಂದು ಪ್ಲೇಟ್ ತಿಂದೆ. ತಾಜಾ ಇತ್ತು, ಆದರೆ ತೆಂಗಿನಕಾಯಿ ಇಲ್ಲ, ಮೆಣಸಿಲ್ಲ. ಇವಳು ಎದುರು ಕೂತು ಉಳಿದ ಅವಲಕ್ಕಿ ಮುಗಿಸಿದಳು.