ಒಂದೇ ಕಂಬ, ಎರಡು ನರಸಿಂಹ: ನನ್ನ ಓಟು 1983ರ ‘ಭಕ್ತ ಪ್ರಹ್ಲಾದ’ಕ್ಕೆ

ಹಿರಣ್ಯಕಶಿಪು ಅಂದರೆ ನನಗೆ ಡಾ. ರಾಜ್‌ಕುಮಾರ್ ಅವರೇ. ಹೊಸ ಅನಿಮೇಷನ್ ಸಿನಿಮಾ ನೋಡಿ ಬಂದ ಮೇಲೆ ಈ ಮಾತು ಇನ್ನೂ ಗಟ್ಟಿಯಾಗಿದೆ. 2025ರ ಜುಲೈ ಕೊನೆಗೆ ‘ಮಹಾವತಾರ್ ನರಸಿಂಹ’ ಬಂತಲ್ಲ, ಆಗ ಮನೆಮಂದಿಯೆಲ್ಲ ದಾವಣಗೆರೆಯಲ್ಲೇ ಟಾಕೀಸಿಗೆ ಹೋಗಿ ನೋಡಿದೆವು. ಅದಾದ ಮೇಲೆ ಒಂದು ಭಾನುವಾರ 1983ರ ‘ಭಕ್ತ ಪ್ರಹ್ಲಾದ’ವನ್ನು ಮನೆಯ ಟಿವಿಯಲ್ಲಿ ಹಾಕಿಕೊಂಡು ಕೂತೆವು. ಎರಡರಲ್ಲೂ ಅದೇ ಅಪ್ಪ, ಅದೇ ಮಗ, ಅದೇ ಕಂಬ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ‘ಕಾಂತಾರ’ದ ಬಗ್ಗೆಯೂ ಎರಡು ಮಾತು ಹೇಳಬೇಕು, ಅದು ಕೊನೆಗೆ.

ಹಳೆಯದರಲ್ಲಿ ಗ್ರಾಫಿಕ್ಸ್ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅರಮನೆ ಸೆಟ್ಟು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಆ ಮಾತು, ಆ ನಡಿಗೆ, ಆ ಹುಬ್ಬು! ಎದುರಿಗೆ ನಿಂತ ಪ್ರಹ್ಲಾದ ಅವರ ಸ್ವಂತ ಮಗ ಪುನೀತ್. ಆಗಿನ್ನೂ ಮಾಸ್ಟರ್ ಲೋಹಿತ್, ಎಂಟು ವರ್ಷದ ಆಸುಪಾಸು. ಮಗನ ಬಾಯಲ್ಲಿ ಹರಿಯ ಹೆಸರು ಬಂದ ಕೂಡಲೇ ಅಪ್ಪನ ಮುಖ ಹೇಗೆ ಬದಲಾಗುತ್ತದೆ ನೋಡಿ. ಮೊದಲು ಸಂಕಟ ಕಾಣುತ್ತದೆ, ಸಿಟ್ಟು ಬರುವುದು ಆಮೇಲೆ. ಮಗ ಕೈತಪ್ಪಿ ಹೋಗುತ್ತಿದ್ದಾನೆ ಅನ್ನುವ ಸಂಕಟ ಅದು. ಮಕ್ಕಳಿರುವ ಯಾರಿಗಾದರೂ ಆ ರಾಕ್ಷಸನ ಮೇಲೆ ಒಂದು ಕ್ಷಣ ಕನಿಕರ ಹುಟ್ಟಿಬಿಡುತ್ತದೆ. ಪ್ರಹ್ಲಾದನ ತಾಯಿ ಕಯಾದುವಾಗಿ ಸರಿತಾ ಇದ್ದಾರೆ, ನಾರದರಾಗಿ ಅನಂತ್ ನಾಗ್. ಆದರೂ ನನ್ನ ಕಣ್ಣು ಆ ಅಪ್ಪ ಮಗನನ್ನು ಬಿಟ್ಟು ಆಚೆ ಈಚೆ ಹೋಗುವುದಿಲ್ಲ.

ನನಗೆ ಈ ರುಚಿ ಹತ್ತಿದ್ದು ಊರಿನಿಂದಲೇ. ನಮ್ಮದು ನಾಟಕದ ಸೀಮೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದೇ ಅಲ್ವಾ? ಹಳ್ಳಿಗಳಲ್ಲಿ ಈಗಲೂ ಜಾತ್ರೆ ಬಂತೆಂದರೆ ಪೌರಾಣಿಕ ನಾಟಕ ಆಡಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ‘ಕುರುಕ್ಷೇತ್ರ’ ಆಡುವಾಗ ದುರ್ಯೋಧನನ ಪಾತ್ರಕ್ಕೆ ಎಷ್ಟು ಪೈಪೋಟಿ ಇರುತ್ತದೆ, ನೋಡಿದವರಿಗೆ ಗೊತ್ತು. ದೇವರ ಎದುರು ನಿಲ್ಲುವವನು ಗಟ್ಟಿ ಆಸಾಮಿ ಆಗಿದ್ದರೆ ಮಾತ್ರ ದೇವರು ಬಂದಾಗ ಮೈ ಜುಮ್ಮೆನ್ನುತ್ತದೆ. ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದ ರಾಜ್‌ಕುಮಾರ್ ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊಸದರಲ್ಲಿ ನನಗೆ ಕೊರತೆ ಕಂಡದ್ದು ಇಲ್ಲೇ. ಅಲ್ಲಿನ ಹಿರಣ್ಯಕಶಿಪು ಬೆಟ್ಟದಷ್ಟು ಎತ್ತರ, ಮೈಕಟ್ಟು ಭರ್ಜರಿ, ಆದರೆ ಕಣ್ಣಲ್ಲಿ ಅಪ್ಪ ಇಲ್ಲ. ಪ್ರಹ್ಲಾದನ ಕೆನ್ನೆ ಬಲು ನುಣುಪು, ಅಳುವಾಗಲೂ ನಗುವಾಗಲೂ ಹೆಚ್ಚುಕಮ್ಮಿ ಒಂದೇ ಥರ. ಕನ್ನಡ ಡಬ್ಬಿಂಗ್ ಸ್ವಚ್ಛವಾಗಿದೆ, ತಪ್ಪು ಹುಡುಕುವ ಹಾಗಿಲ್ಲ. ಆದರೂ ಹೊರಗೆ ಬಂದ ಮೇಲೆ ಒಂದು ಮಾತೂ ನಾಲಿಗೆ ಮೇಲೆ ಉಳಿಯಲಿಲ್ಲ.

ಹಾಗಂತ ಸಿನಿಮಾ ಚೆನ್ನಾಗಿಲ್ಲ ಅಂತ ಹೇಳಲಾರೆ. ನಿರ್ದೇಶಕ ಅಶ್ವಿನ್ ಕುಮಾರ್ ಅವರಿಗೆ ಇದು ಮೊದಲ ಸಿನಿಮಾ. ಅವರು ಕಥೆಯನ್ನು ವರಾಹಾವತಾರದಿಂದ ಎತ್ತಿಕೊಂಡದ್ದು ಬಹಳ ಸರಿ. ಅಣ್ಣ ಹಿರಣ್ಯಾಕ್ಷನನ್ನೋ ತಮ್ಮ ಹಿರಣ್ಯಾಕ್ಷನನ್ನೋ, ಒಟ್ಟಿನಲ್ಲಿ ಒಡಹುಟ್ಟಿದವನನ್ನು ಹರಿ ಕೊಂದ ಅನ್ನುವುದು ತಿಳಿದರೆ ಹಿರಣ್ಯಕಶಿಪುವಿನ ಹಗೆ ಎಲ್ಲಿಂದ ಬಂತು ಅಂತ ಮಕ್ಕಳಿಗೂ ಅರ್ಥವಾಗುತ್ತದೆ. ಕೊನೆಯಲ್ಲಿ ಕಂಬ ಒಡೆದು ನರಸಿಂಹ ಬರುವ ಭಾಗವಂತೂ ಅಬ್ಬಾ ಅನ್ನಿಸಿತು. ಐದನೇ ಕ್ಲಾಸಿನ ನನ್ನ ಮಗ ಸೀಟಿನ ತುದಿಗೆ ಬಂದವನು ಹಿಂದಕ್ಕೆ ಒರಗಲೇ ಇಲ್ಲ. ಆ ಅಬ್ಬರದಲ್ಲಿ ಸ್ಯಾಮ್ ಸಿ.ಎಸ್. ಅವರ ಸಂಗೀತದ ಪಾಲೂ ದೊಡ್ಡದು.

ಈಗ ಕನ್ನಡಕದ ವಿಷಯಕ್ಕೆ ಬರುತ್ತೇನೆ. ನಮಗೆ ಹೊಂದುವ ಹೊತ್ತಿಗೆ ಇದ್ದದ್ದು ತ್ರೀಡಿ ಶೋ ಒಂದೇ. ಬಾಗಿಲಲ್ಲಿ ಎಲ್ಲರಿಗೂ ಕನ್ನಡಕ ಕೊಟ್ಟರು. ಅವ್ವನಿಗೆ ಎಪ್ಪತ್ತು ದಾಟಿದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ದಪ್ಪ ಗಾಜಿನ ಕನ್ನಡಕ ಬೇಕೇ ಬೇಕು. ಅದರ ಮೇಲೆ ಈ ತ್ರೀಡಿ ಕನ್ನಡಕ ಕೂರಲಿಲ್ಲ. ಮೂಗಿನ ಮೇಲಿಂದ ಜಾರುತ್ತಿತ್ತು. ಕೈಯಲ್ಲಿ ಒತ್ತಿ ಹಿಡಿದುಕೊಂಡರೆ ಕೈ ಸೋಲುತ್ತದೆ. ತಮ್ಮದನ್ನು ತೆಗೆದು ಅದೊಂದನ್ನೇ ಹಾಕಿಕೊಂಡರೆ ಎಲ್ಲ ಮಸುಕು. ತ್ರೀಡಿಯದನ್ನು ತೆಗೆದರೆ ಪರದೆ ಮೇಲೆ ಜೋಡಿ ಚಿತ್ರ. ‘ಏನಪ್ಪಾ, ಒಬ್ಬ ದೇವ್ರು ಎಲ್ಡೆಲ್ಡು ಕಾಣ್ತಾನೆ’ ಅಂದರು.

ಅವ್ವ ಹೇಳಿದ್ದು ಇದ್ದದ್ದು ಇದ್ದ ಹಾಗೆ. ತ್ರೀಡಿಯಲ್ಲಿ ಬಲಗಣ್ಣಿಗೊಂದು, ಎಡಗಣ್ಣಿಗೊಂದು ಚಿತ್ರವನ್ನು ಒಂದರ ಮೇಲೊಂದು ಬಿಡುತ್ತಾರೆ. ಯಾವ ಕಣ್ಣಿಗೆ ಯಾವುದು ಅಂತ ಬೇರ್ಪಡಿಸುವುದೇ ಆ ಕನ್ನಡಕದ ಕೆಲಸ. ಎರಡು ಕಣ್ಣೂ ಒಟ್ಟಿಗೆ ಸರಿಯಾಗಿ ನೋಡಿದರೆ ಮಾತ್ರ ಆಳ ಕಾಣುತ್ತದೆ. ಒಂದು ಕಣ್ಣು ಮಂಕಾಗಿದ್ದರೆ ದುಡ್ಡು ಕೊಟ್ಟೂ ಆ ಸುಖ ಇಲ್ಲ. ಸಾಲದ್ದಕ್ಕೆ ಕನ್ನಡಕ ಹಾಕಿದ ಮೇಲೆ ಪರದೆಯ ಬೆಳಕೂ ಕಮ್ಮಿಯಾಗುತ್ತದೆ. ನರಸಿಂಹ ಬರುವುದು ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಮುಸ್ಸಂಜೆಯಲ್ಲಿ. ಮೊದಲೇ ಮಬ್ಬಾಗಿರುವ ಆ ದೃಶ್ಯ ನನಗೇ ಕತ್ತಲೆ ಅನ್ನಿಸಿತು.

ಬೇರೆ ಕನ್ನಡಕ ಸಿಗಬಹುದಾ ಅಂತ ಎದ್ದು ಹೋಗಿ ಕೇಳಿದೆ. ಇದ್ದದ್ದೆಲ್ಲ ಅದೇ ಅಳತೆ ಅಂದರು. ಕೆಲಸದ ಹುಡುಗನ ತಪ್ಪೇನಿಲ್ಲ. ಆದರೆ ಇಂಥ ಸಿನಿಮಾಕ್ಕೆ ವಯಸ್ಸಾದವರೇ ಜಾಸ್ತಿ ಬರುತ್ತಾರೆ, ಸಾಲಿಗೆ ನಾಲ್ಕು ಜನ ಚಾಳೀಸು ಹಾಕಿದವರು ಇರುತ್ತಾರೆ. ಅವರಿಗಾಗಿ ಮಧ್ಯಾಹ್ನ ಒಂದು ಟೂಡಿ ಶೋ ಇಡಬಾರದೇ? ಅವ್ವ ಉಳಿದ ಸಿನಿಮಾವನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡರು. ನನಗೆ ಬಹಳ ಬೇಜಾರಾಯಿತು. ಟಿಕೆಟ್ಟು, ತಿಂಡಿ, ಆಟೋ ಎಲ್ಲ ಸೇರಿ ಸಾವಿರ ದಾಟಿತ್ತು. ಅವರಿಗೋಸ್ಕರ ಅಂತಲೇ ಹೊರಟಿದ್ದು.

ಮನೆಯ ಟಿವಿಯಲ್ಲಿ ಈ ತಾಪತ್ರಯ ಇಲ್ಲ. ಹಳೆಯ ಪ್ರಿಂಟಿನ ಬಣ್ಣ ಮಾಸಿದೆ, ಮಧ್ಯೆ ಮಧ್ಯೆ ಜಾಹೀರಾತು ಬರುತ್ತದೆ, ಅಷ್ಟೇ. ಅವ್ವ ಗೋಡೆಗೆ ಒರಗಿ ಕೂತು, ಅವರೆಕಾಯಿ ಸುಲಿಯುತ್ತಾ, ಮಾತು ಬರುವುದಕ್ಕೆ ಮುಂಚೆಯೇ ತಾವು ಹೇಳುತ್ತಿದ್ದರು. ಕಂಬದ ದೃಶ್ಯ ಬಂದಾಗ ಸುಲಿಯುವುದು ನಿಂತಿತು. ಮಗನೂ ಫೋನು ಕೆಳಗಿಟ್ಟ. ‘ಇವ್ರು ನಿಜವಾಗ್ಲೂ ಅಪ್ಪ ಮಗನಾ?’ ಅಂತ ಅವನು ಅಜ್ಜಿಯನ್ನು ಕೇಳಿದ. ಅಜ್ಜಿ ಅಪ್ಪುವಿನ ಕಥೆ ಶುರು ಮಾಡಿದರು.

ಭಕ್ತಿ, ಪುರಾಣದ ಬೇರೆ ಸಿನಿಮಾಗಳಲ್ಲಿ ‘ಕುರುಕ್ಷೇತ್ರ’ (2019) ನನಗೆ ದರ್ಬಾರಿನ ಮಾತುಗಳಿಗಾಗಿ ಇಷ್ಟ, ಯುದ್ಧಕ್ಕಾಗಿ ಅಲ್ಲ. ‘ಶ್ರೀ ಮಂಜುನಾಥ’ (2001) ಅವ್ವನಿಗೆ ಪ್ರಾಣ, ಟಿವಿಯಲ್ಲಿ ಬಂದರೆ ರಿಮೋಟು ಯಾರೂ ಮುಟ್ಟುವ ಹಾಗಿಲ್ಲ.

‘ಕಾಂತಾರ’ (2022) ಇವುಗಳ ಸಾಲಿಗೆ ಪೂರ್ತಿ ಸೇರುವುದಿಲ್ಲ. ಅದು ಪುರಾಣ ಅಲ್ಲ, ಊರ ದೈವದ ಕಥೆ. ಪಂಜುರ್ಲಿ, ಗುಳಿಗ ಕರಾವಳಿಯವು, ನಮ್ಮ ಬಯಲುಸೀಮೆಗೆ ಹೊಸವು. ಆದರೆ ದೇವರು ಮೈಮೇಲೆ ಬರುವುದು ನಮಗೆ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಮಾಡುವ ಊರು ಇದು. ಹಾಗಾಗಿ ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟಿ ಕುಣಿಯುವಾಗ ಅವ್ವ ಚಪ್ಪಲಿ ಬಿಟ್ಟು ಕಾಲು ಪಕ್ಕಕ್ಕಿಟ್ಟು ಕೈ ಮುಗಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಈ ಸಿನಿಮಾವನ್ನು ಮಾತ್ರ ಟಾಕೀಸಿನಲ್ಲೇ ನೋಡಬೇಕು. ಆ ಕೂಗು ಟಿವಿಯ ಸಣ್ಣ ಸ್ಪೀಕರಿನಲ್ಲಿ ಎದೆಗೆ ತಾಗುವುದಿಲ್ಲ.

ನಮ್ಮಂಥ ಮನೆಗೆ, ಅಂದರೆ ವಯಸ್ಸಾದವರೂ ಮಕ್ಕಳೂ ಇದ್ದು ತಿಂಗಳಿಗೆ ಒಂದು ಸಿನಿಮಾಕ್ಕಿಂತ ಜಾಸ್ತಿ ಖರ್ಚು ಮಾಡಲಾಗದ ಮನೆಗೆ, ನಾನು ಹೇಳುವುದು ಇದು. ಮೊದಲು ‘ಭಕ್ತ ಪ್ರಹ್ಲಾದ’ ನೋಡಿಸಿ. ಮಕ್ಕಳಿಗೆ ಕಥೆ ತಲೆಯಲ್ಲಿ ಕೂತ ಮೇಲೆ ಹೊಸ ನರಸಿಂಹನನ್ನು ತೋರಿಸಿ, ಅದೂ ಟೂಡಿಯಲ್ಲಿ. ಈ ಸರಣಿಯಲ್ಲಿ ಮುಂದಿನದು ಪರಶುರಾಮನ ಕಥೆ, 2027ಕ್ಕೆ ಅಂತ ಘೋಷಿಸಿದ್ದಾರೆ. ಮಗ ಈಗಲೇ ಹೋಗೋಣ ಅನ್ನುತ್ತಿದ್ದಾನೆ. ಹೋಗುತ್ತೇವೆ. ಅವ್ವ ಬರುವುದಾದರೆ ಟೂಡಿ ಶೋ ಎಲ್ಲಿದೆ ಅಂತ ಫೋನು ಮಾಡಿ ಕೇಳಿದ ಮೇಲೆಯೇ ಟಿಕೆಟ್ಟು.