ತಾರೀಖು ಮುಂದೆ ಹಾಕುವ ಮೊದಲು ಎರಡೂ ಮಕ್ಕಳ ಲೆಕ್ಕ ಹಾಕಿ

ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು ಮಗು ಇಟ್ಟುಕೊಂಡು ವಿಮಾನ ಹತ್ತಬೇಕು ಅಂದುಕೊಂಡಿರುವ ತಾಯಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಟಿಕೆಟ್ ತಾರೀಖು ಬದಲಿಸುವ ಯೋಚನೆ ಇದ್ದರಂತೂ ಮೊದಲು ಓದಿ, ಆಮೇಲೆ ಬದಲಿಸಿ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ನಮ್ಮ ಮನೆ ಹೈದರಾಬಾದ್‌ನಲ್ಲಿ. ನನ್ನ ತವರು ಗದಗ, ಬೆಟಗೇರಿ ಕಡೆ. ಮೇ ತಿಂಗಳಲ್ಲಿ ತಮ್ಮನ ಮದುವೆ ಇತ್ತು. ಊರಿಗೆ ಹೊರಟಾಗ ನನಗೆ 29 ವಾರ. ಮಗನಿಗೆ ಎರಡು ವರ್ಷ ತುಂಬಲು ಇನ್ನೂ 19 ದಿನ ಇತ್ತು. ಹದಿನೈದು ದಿನ ಇದ್ದು ವಾಪಸ್ ಬರುವುದು ಅಂತ ಹೋಗಿ ಬರುವ ಟಿಕೆಟ್ ಒಟ್ಟಿಗೇ ಮಾಡಿಸಿದ್ದೆವು. ಎರಡು ತುಂಬದ ಮಗುವಿಗೆ ಸೀಟು ಬೇಕಿಲ್ಲ, ತೊಡೆ ಮೇಲೆ ಕೂರಿಸಿಕೊಳ್ಳಬಹುದು, ಟಿಕೆಟ್ ದುಡ್ಡೂ ಕಡಿಮೆ. ನನಗೂ ವಾಪಸ್ ಬರುವ ದಿನ 31 ವಾರ, ಒಂದು ದಿನ ಆಗಿರುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು. ಹೊರಡುವ ಹಿಂದಿನ ದಿನ ನಮ್ಮ ಡಾಕ್ಟರ್ "ಪ್ರಯಾಣ ಮಾಡಬಹುದು" ಎಂದು ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದರು.

ಮದುವೆ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಅವ್ವನಿಗೆ ಜ್ವರ ಬಂತು. ಓಡಾಡಿದ ದಣಿವು, ಮೇಲೆ ಆ ಬಿಸಿಲು. "ಇನ್ನೊಂದು ಎಂಟು ದಿನಾ ಇದ್ದು ಹೋಗವಾ, ಮನಿ ಬಿಕೋ ಅಂತೈತಿ" ಅಂದಳು. ಹಾಗೆ ಅಂದ ಅವ್ವನನ್ನು ಬಿಟ್ಟು ಹೋಗಲು ಯಾವ ಮಗಳಿಗೆ ಮನಸ್ಸು ಬರುತ್ತದೆ? ನಮ್ಮನೆಯವರಿಗೆ ಫೋನ್ ಮಾಡಿದೆ. ಅವರು ಮೊಬೈಲ್‌ನಲ್ಲೇ ತಾರೀಖನ್ನು ಒಂಬತ್ತು ದಿನ ಮುಂದೆ ಹಾಕಿದರು. ಮಗನ ಹುಟ್ಟಿದ ತಾರೀಖು ಆ ಟಿಕೆಟ್‌ನಲ್ಲಿ ಮೊದಲೇ ಇತ್ತು. ಆದರೂ ಯಾವ ಪ್ರಶ್ನೆಯೂ ಬರಲಿಲ್ಲ, ದುಡ್ಡು ಕಟ್ಟಿಸಿಕೊಂಡು ಬದಲಾಯಿತು. ಇರಲಿ ಎಂದು ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿ ಕೇಳಿದೆ. "ಏನೂ ತೊಂದರೆ ಇಲ್ಲ ಮೇಡಂ" ಎಂದರು. ನಾನು ಬಸುರಿ ಎಂದು ಹೇಳಿದ್ದೆ. ಎಷ್ಟು ವಾರ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಒಂಬತ್ತು ದಿನದಲ್ಲಿ ಎರಡು ಗೆರೆ ದಾಟಿದ್ದೆವು. ಮಗನಿಗೆ ಎರಡು ವರ್ಷ ತುಂಬಿ ಐದು ದಿನ ಆಗಿತ್ತು. ನನಗೆ 32 ವಾರ ಮುಗಿದು ಮೂರು ದಿನ.

ಇದು ನಮ್ಮ ಗಮನಕ್ಕೆ ಏಕೆ ಬರಲಿಲ್ಲ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ನಮ್ಮ ಮನೆಗಳಲ್ಲಿ ಬಸುರಿಯ ಲೆಕ್ಕ ತಿಂಗಳಿನದು. "ಏಳು ತುಂಬಿ ಎಂಟರಾಗ ಬಿದ್ದೈತಿ" ಅಂತ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಮೊದಲಿನ ತಾರೀಖಿಗೆ ಹೊರಟಿದ್ದರೂ ಎಂಟರಲ್ಲೇ ಇರುತ್ತಿದ್ದೆ, ಒಂಬತ್ತು ದಿನ ಬಿಟ್ಟರೂ ಎಂಟರಲ್ಲೇ ಇದ್ದೆ. ತಿಂಗಳ ಲೆಕ್ಕದಲ್ಲಿ ಏನೂ ಬದಲಾಗಿರಲಿಲ್ಲ. ವಿಮಾನದವರ ಲೆಕ್ಕ ವಾರದ್ದು. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಅಥವಾ ಮೊದಲ ಸ್ಕ್ಯಾನಿಂಗ್‌ನಲ್ಲಿ ಕೊಟ್ಟ ತಾರೀಖಿನಿಂದ ಎಣಿಸುವುದು. ನಾನು ಹತ್ತಬೇಕಿದ್ದ ವಿಮಾನದ ಕಂಪನಿಯಲ್ಲಿ 32 ವಾರದವರೆಗೆ ಯಾವ ಪತ್ರವೂ ಬೇಡ. ಅಲ್ಲಿಂದ 36 ವಾರದವರೆಗೆ ಡಾಕ್ಟರ ಪತ್ರ ಬೇಕೇ ಬೇಕು. ಆಮೇಲೆ ಹತ್ತಿಸಿಕೊಳ್ಳುವುದೇ ಇಲ್ಲ. ಅವಳಿ ಮಕ್ಕಳಾದರೆ ಇನ್ನೂ ಬೇಗ ನಿಲ್ಲಿಸುತ್ತಾರೆ. ಒಂದೊಂದು ಕಂಪನಿಗೆ ಒಂದೊಂದು ನಿಯಮ ಇರುತ್ತದೆ. ನಿಮ್ಮ ಟಿಕೆಟ್ ಯಾರದೋ ಅವರ ನಿಯಮವನ್ನೇ ನೋಡಿ, ನನ್ನದನ್ನಲ್ಲ.

ಹೊರಡುವ ದಿನ ಅಪ್ಪ ಕಾರಿನಲ್ಲಿ ಹುಬ್ಬಳ್ಳಿಗೆ ತಂದು ಬಿಟ್ಟರು. ಗೋಕುಲ ರೋಡಿನ ನಿಲ್ದಾಣದ ಬಾಗಿಲಲ್ಲಿ ಬ್ಯಾಗು ಇಳಿಸಿ, ನಾವು ಒಳಗೆ ಹೋದ ಮೇಲೆ ಹೊರಟುಹೋದರು. ಮದುವೆ ಮನೆಯ ಸಾಮಾನು ವಾಪಸ್ ಕೊಡುವುದು ಬಾಕಿ ಇತ್ತು. ಕೌಂಟರಿನ ಹುಡುಗಿ ನನ್ನ ಹೊಟ್ಟೆ ನೋಡಿ "ಎಷ್ಟು ವಾರ ಮೇಡಂ?" ಅಂದಳು. ನಾನು ಧೈರ್ಯವಾಗಿಯೇ ಚೀಟಿ ಕೊಟ್ಟೆ. ಅದರಲ್ಲಿ 29 ವಾರ ಎಂದಿತ್ತು. ತಾರೀಖು ಇಪ್ಪತ್ತೈದು ದಿನ ಹಳೆಯದು. ಅವಳು ಬೆರಳು ಮಡಚಿ ಎಣಿಸಿದಳು. ನನ್ನ ಎದೆ ಅಲ್ಲೇ ಧಸಕ್ಕೆಂದಿತು. ಆಮೇಲೆ ಮಗನ ಜನನ ಪ್ರಮಾಣಪತ್ರ ಕೇಳಿದಳು. ಅದನ್ನೂ ನೋಡಿದಳು. "ಇವರಿಗೂ ಸೀಟ್ ತಗೋಬೇಕಾಗುತ್ತೆ" ಅಂದಳು.

ಆ ಹುಡುಗಿಯ ತಪ್ಪು ಏನೂ ಇಲ್ಲ. ನನಗೆ ಕುರ್ಚಿ ತರಿಸಿದಳು, ಮಗನಿಗೆ ನೀರು ಕೊಡಿಸಿದಳು. ಸೀಟು ಖಾಲಿ ಇತ್ತು, ಅವತ್ತಿನ ರೇಟು ಕೊಟ್ಟು ಕೊಳ್ಳಬಹುದಿತ್ತು. ಪತ್ರಕ್ಕೆ ಮಾತ್ರ ಬೇರೆ ದಾರಿ ಇರಲಿಲ್ಲ. ಹೈದರಾಬಾದ್ ಡಾಕ್ಟರಿಗೆ ಫೋನ್ ಮಾಡಿದೆ. "ಇಪ್ಪತ್ತೈದು ದಿನದಿಂದ ನಿಮ್ಮನ್ನು ನೋಡೇ ಇಲ್ಲ, ನೋಡದೆ ಹೇಗೆ ಬರೆದುಕೊಡಲಿ?" ಅಂದರು. ಅವರು ಹೇಳಿದ್ದು ಸರಿ. ಕೌಂಟರ್ ಮುಚ್ಚುವುದು ವಿಮಾನ ಹೊರಡುವ ಒಂದು ಗಂಟೆ ಮೊದಲು. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ನಿಮಿಷ. ಹತ್ತಿರದ ಯಾವುದಾದರೂ ಆಸ್ಪತ್ರೆಗೆ ಓಡೋಣ ಎಂದರೆ ಕೈಯಲ್ಲಿ ಮಗು, ಜೊತೆಗೆ ಎರಡು ಬ್ಯಾಗು. ಅಪ್ಪನಿಗೆ ಫೋನ್ ಮಾಡಿದರೆ ಅವರಾಗಲೇ ಅಣ್ಣಿಗೇರಿ ದಾಟಿದ್ದರು.

ವಿಮಾನ ಹೋಯಿತು. ಅಪ್ಪ ವಾಪಸ್ ಬರುವವರೆಗೆ ನಿಲ್ದಾಣದಲ್ಲಿ ಕೂತಿದ್ದೆ. ಕಾಲು ಊದಿ ಚಪ್ಪಲಿ ಬಿಗಿಯಾಗಿತ್ತು. ಮಗ ಅತ್ತು ಅತ್ತು ತೊಡೆ ಮೇಲೆ ಮಲಗಿದ. ಅಳು ತಡೆಯಲು ಆಗಲಿಲ್ಲ ನನಗೂ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ವಿಮಾನ ತಪ್ಪಿದರೆ ಟಿಕೆಟ್ ದುಡ್ಡು ಹೋಯಿತು ಅಂತ ಸುಮ್ಮನಾಗಬೇಡಿ. ಟಿಕೆಟ್‌ನಲ್ಲಿ ಸೇರಿರುವ ತೆರಿಗೆ, ನಿಲ್ದಾಣದ ಶುಲ್ಕ ಇವನ್ನು ಪ್ರಯಾಣ ಮಾಡದಿದ್ದರೂ ವಾಪಸ್ ಕೊಡಬೇಕು ಅಂತ ನಿಯಮ ಇದೆ. ನಮಗೆ ಗೊತ್ತಾದದ್ದು ಆಮೇಲೆ. ಕೇಳಿದ ಮೇಲೆ ಕೊಟ್ಟರು. ದೊಡ್ಡ ಮೊತ್ತವಲ್ಲ, ಆದರೂ ನಮ್ಮ ದುಡ್ಡು ಅಲ್ವಾ?

ಮರುದಿನ ಗದಗಿನಲ್ಲೇ ಒಬ್ಬ ಹೆರಿಗೆ ಡಾಕ್ಟರ ಹತ್ತಿರ ಹೋದೆವು. ಬಿ.ಪಿ. ನೋಡಿದರು, ಮಗುವಿನ ಎದೆಬಡಿತ ಕೇಳಿದರು, ಹಳೆಯ ಸ್ಕ್ಯಾನಿಂಗ್ ಎಲ್ಲ ಓದಿದರು. ರಕ್ತ ಪರೀಕ್ಷೆ ಮಾಡಿಸದೆ ಪತ್ರ ಕೊಡುವುದಿಲ್ಲ ಎಂದರು. ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವ ಹಾಗೆ ತೆಳುವಾಗಿರುತ್ತದಂತೆ. ಆರೋಗ್ಯ ಸರಿ ಇದ್ದ ಬಸುರಿಗೆ ಅದರಿಂದ ತೊಂದರೆ ಇಲ್ಲ. ಆದರೆ ರಕ್ತ ತೀರಾ ಕಡಿಮೆ ಇದ್ದವರು ಹತ್ತಬಾರದು ಎಂದರು. ನನ್ನದು ಸರಿ ಇತ್ತು. ಪತ್ರದಲ್ಲಿ ಎಷ್ಟು ವಾರ, ಹೆರಿಗೆಗೆ ಕೊಟ್ಟ ತಾರೀಖು ಯಾವುದು, ಹೊಟ್ಟೆಯಲ್ಲಿ ಒಂದೇ ಮಗು, ಬೇರೆ ತೊಂದರೆ ಇಲ್ಲ, ಇಂಥ ದಿನ ವಿಮಾನದಲ್ಲಿ ಹೋಗಬಹುದು ಅಂತ ಬಿಡಿಸಿ ಬರೆದರು. ಸಹಿ, ಸೀಲು, ತಮ್ಮ ನೋಂದಣಿ ಸಂಖ್ಯೆ ಹಾಕಿದರು. ಇದರಲ್ಲಿ ಒಂದು ಬಿಟ್ಟರೂ ಕೌಂಟರಿನಲ್ಲಿ ಮತ್ತೆ ತಕರಾರು ಬರಬಹುದು. ಪತ್ರ ಎಷ್ಟು ದಿನದೊಳಗಿನದು ಇರಬೇಕು ಅಂತಲೂ ಮೊದಲೇ ಕೇಳಿಕೊಳ್ಳಿ.

ಎರಡು ದಿನ ಬಿಟ್ಟು ಹೊಸ ಟಿಕೆಟ್, ಮಗನಿಗೂ ಒಂದು ಸೀಟು. ಈ ಸಲ ಕಾಗದ ಎಲ್ಲ ಸರಿ ಇತ್ತು. ತಪ್ಪು ನಾನೇ ಮಾಡಿದೆ. ನೀರು ಕುಡಿಯಲಿಲ್ಲ.

ಕಾರಣ ನಿಮಗೆ ಗೊತ್ತಾಗುತ್ತದೆ. ಹುಬ್ಬಳ್ಳಿಯಿಂದ ಹೈದರಾಬಾದ್‌ಗೆ ನಾವು ಹೋದದ್ದು ಎರಡು ರೆಕ್ಕೆಗೂ ಫ್ಯಾನ್ ಇರುವ ಸಣ್ಣ ವಿಮಾನ. ಹತ್ತುವ ಬಾಗಿಲು ಹಿಂದೆ. ಶೌಚಾಲಯವೂ ಒಂದೇ, ಅದೂ ಹಿಂದೆ, ತೀರಾ ಇಕ್ಕಟ್ಟು. ಊರಿಗೆ ಬರುವಾಗ ಅದನ್ನು ನೋಡಿದ್ದೆ. ಈ ಹೊಟ್ಟೆ ಹೊತ್ತುಕೊಂಡು, ಮಗನನ್ನು ಎಳೆದುಕೊಂಡು ಅದರೊಳಗೆ ಹೇಗೆ ಹೋಗಲಿ ಅಂತ ಬೆಳಗ್ಗೆಯಿಂದಲೇ ನೀರು ಬಿಟ್ಟೆ. ಮನೆಯಲ್ಲಿ ಅರ್ಧ ಕಪ್ ಚಹಾ, ಅಷ್ಟೇ. ಬೆಟಗೇರಿಯಿಂದ ಹುಬ್ಬಳ್ಳಿಗೆ ಮೇ ತಿಂಗಳ ಬಿಸಿಲಲ್ಲಿ ಕಾರು. ವಿಮಾನದವರೆಗೆ ಬಿಸಿಲಲ್ಲೇ ನಡಿಗೆ. ಒಳಗಿನ ಗಾಳಿಯಂತೂ ತೇವವೇ ಇಲ್ಲದ ಒಣ ಗಾಳಿ. ಸೀಟು ಮುಂದಿನ ಸಾಲಿನಲ್ಲಿ ಸಿಕ್ಕಿತ್ತು, ಅಂದರೆ ಶೌಚಾಲಯ ಇನ್ನೂ ದೂರ.

ಎರಡು ತುಂಬಿದ ಮಗು ವಿಮಾನ ಏರುವಾಗ, ಇಳಿಯುವಾಗ ತನ್ನ ಸೀಟಿನಲ್ಲೇ ಬೆಲ್ಟ್ ಹಾಕಿಕೊಂಡು ಕೂರಬೇಕು. ಬರುವಾಗ ತೊಡೆ ಮೇಲೆ ಕೂತು ಬಂದಿದ್ದ ಹುಡುಗ ಈಗ ಹೇಗೆ ಕೂರುತ್ತಾನೆ? ಒಂದೇ ಚೀರಾಟ. ಸಮಾಧಾನ ಮಾಡಲು ಬಗ್ಗಿದರೆ ಅವನ ಕಾಲು ನೇರ ನನ್ನ ಹೊಟ್ಟೆಗೆ. ಇಳಿಯುವಾಗ ಕಿವಿ ನೋವು ಶುರುವಾಯಿತು. ಬರುವಾಗ ಹಾಲಿನ ಬಾಟಲಿ ಬಾಯಿಗೆ ಕೊಟ್ಟಿದ್ದೆ, ಚೀಪುತ್ತಾ ಸುಮ್ಮನಿದ್ದ. ಈ ಸಲ ಬಾಟಲಿ ತಲೆ ಮೇಲಿನ ಬ್ಯಾಗಿನಲ್ಲಿ ಉಳಿದಿತ್ತು. ಏಳುವ ಹಾಗಿರಲಿಲ್ಲ.

ಅಷ್ಟರಲ್ಲಿ ನನ್ನ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಸಡಿಲಾಯಿತು. ಮತ್ತೆ ಬಿಗಿಯಿತು. ಗಡಿಯಾರ ನೋಡಿಕೊಂಡೆ. ಹತ್ತು ಹತ್ತು ನಿಮಿಷಕ್ಕೆ ಬರುತ್ತಿತ್ತು. ಮೊದಲ ಹೆರಿಗೆಯ ನೋವು ನೆನಪಿದ್ದವರಿಗೆ ಆ ಭಯ ಹೇಳಬೇಕಿಲ್ಲ. ಪಕ್ಕದ ಸಾಲಿನಲ್ಲಿದ್ದ ಧಾರವಾಡದ ಒಬ್ಬ ಹಿರಿಯ ತಾಯಿ ನನ್ನ ಮುಖ ನೋಡಿದವರೇ ಮಗನ ಕೈ ಹಿಡಿದುಕೊಂಡರು. "ನೀ ಉಸಿರು ತಗೋಳವಾ, ಇವನ್ನ ನಾ ನೋಡ್ತೀನಿ" ಅಂದರು. ಗಗನಸಖಿ ನೀರು ತಂದುಕೊಟ್ಟು ಕುಡಿಸಿದಳು. ಆ ಇಬ್ಬರನ್ನೂ ನಾನು ಮರೆಯುವುದಿಲ್ಲ.

ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಷಾಬಾದ್‌ನಲ್ಲಿ ಇಳಿದವರೇ ನೇರ ಆಸ್ಪತ್ರೆಗೆ ಹೋದೆವು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದರು, ಸಲೈನ್ ಹಾಕಿದರು. ಮೈಯಲ್ಲಿ ನೀರು ಕಡಿಮೆಯಾದರೆ ಗರ್ಭಕೋಶ ಹೀಗೆ ಬಿಗಿಯಬಹುದು, ಹೆರಿಗೆ ನೋವೇ ಆಗಬೇಕೆಂದಿಲ್ಲ ಎಂದರು. ಆದರೆ ನಿಲ್ಲದಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡಬೇಕಾಗುತ್ತದೆ ಎಂದೂ ಹೇಳಿದರು. 34 ವಾರದ ಒಳಗೆ ಹೆರಿಗೆ ಆಗುವ ಲಕ್ಷಣ ಕಂಡರೆ ಅದನ್ನು ಕೊಡುತ್ತಾರಂತೆ. ನಾಲ್ಕು ಗಂಟೆ ಆದ ಮೇಲೆ ಬಿಗಿತ ನಿಂತಿತು. ಆ ನಾಲ್ಕು ಗಂಟೆ ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಮಗನನ್ನು ಎತ್ತಿಕೊಂಡು ವರಾಂಡದಲ್ಲಿ ಓಡಾಡುತ್ತಲೇ ಇದ್ದರು.

ನೀರು ಕುಡಿಯಿರಿ. ಇದನ್ನು ಕೈಮುಗಿದು ಹೇಳುತ್ತೇನೆ. ನೀರು ಬಿಟ್ಟು ಒಂದೇ ಕಡೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ, ಬಸುರಿಯರಿಗೆ ಅದು ಬೇರೆಯವರಿಗಿಂತ ಜಾಸ್ತಿ. ಸೀಟು ಆರಿಸುವಾಗ ನಡುದಾರಿಯ ಕಡೆಯದನ್ನೇ ತೆಗೆದುಕೊಳ್ಳಿ. ಇಂಥ ಸಣ್ಣ ವಿಮಾನವಾದರೆ ಹಿಂದಿನ ಸಾಲು ಒಳ್ಳೆಯದು, ಬಾಗಿಲೂ ಶೌಚಾಲಯವೂ ಹತ್ತಿರ. ಬೆಲ್ಟ್ ಹೊಟ್ಟೆಯ ಮೇಲೆ ಬೇಡ, ಹೊಟ್ಟೆಯ ಕೆಳಗೆ ಸೊಂಟದ ಎಲುಬಿಗೆ ತಾಗುವ ಹಾಗೆ ಹಾಕಿಕೊಳ್ಳಿ. ಎರಡು ತುಂಬದ ಮಗು ತೊಡೆ ಮೇಲಿದ್ದರೆ ಅದರ ಸಣ್ಣ ಬೆಲ್ಟನ್ನು ನಿಮ್ಮ ಬೆಲ್ಟಿಗೇ ಸಿಕ್ಕಿಸುತ್ತಾರೆ. ಏಳು ತಿಂಗಳ ಹೊಟ್ಟೆ ಇದ್ದಾಗ ಅದು ಎಷ್ಟು ಒತ್ತುತ್ತದೆ ಅಂತ ಬರುವಾಗಲೇ ಅನುಭವಿಸಿದ್ದೆ. ದುಡ್ಡು ಹೊಂದಿಸಲು ಆದರೆ ಮಗುವಿಗೆ ಮೊದಲಿಂದಲೇ ಸೀಟು ಮಾಡಿಸಿ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ, ನಾಚಿಕೊಳ್ಳಬೇಡಿ. ಬಿಡಲು ಬಂದವರಿಗೆ ನೀವು ಕೌಂಟರ್ ದಾಟಿ ಫೋನ್ ಮಾಡುವವರೆಗೆ ಹೊರಗೇ ನಿಂತಿರಲು ಹೇಳಿ. ನಮ್ಮ ಅಪ್ಪ ಅವತ್ತು ಹದಿನೈದು ನಿಮಿಷ ನಿಂತಿದ್ದರೆ ನಾನು ಅಷ್ಟು ಹೊತ್ತು ಒಬ್ಬಳೇ ಕೂರಬೇಕಿರಲಿಲ್ಲ.

ಮೊನ್ನೆ ಹಾವೇರಿಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳಿಗೀಗ 30 ವಾರ. ದೊಡ್ಡ ಮಗಳಿಗೆ ಎರಡು ತುಂಬಲು ಹದಿನೆಂಟು ದಿನ ಇದೆ. "ಅಕ್ಕಾ, ಹಬ್ಬ ಮುಗಿಸಿಕೊಂಡೇ ಹೋದರಾಯ್ತು ಅಂತ ತಾರೀಖು ಮುಂದೆ ಹಾಕೋಣ ಅಂತ ಮಾಡೀವಿ" ಅಂದಳು. ಫೋನ್ ಇಡಬೇಡ, ಕ್ಯಾಲೆಂಡರ್ ತಗೊಂಡು ಬಾ ಅಂದೆ. ಇಬ್ಬರೂ ಎಣಿಸಿದೆವು. ಹಬ್ಬದ ಮರುದಿನಕ್ಕೆ ಅವಳಿಗೆ 32 ವಾರ ಮುಗಿದು ಐದು ದಿನ, ಮಗಳಿಗೆ ಎರಡು ವರ್ಷದ ಮೇಲೆ ಒಂದು ದಿನ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಈಗ ಮೊದಲಿನ ತಾರೀಖಿಗೇ ಹೊರಡುತ್ತಿದ್ದಾಳೆ. ಹಬ್ಬಕ್ಕೆ ಚಿಕ್ಕಮ್ಮನೇ ಅವಳ ಮನೆಗೆ ಹೋಗುವುದು ಅಂತ ಆಗಿದೆ.